ಅಂಗಡಿಯ ಕೊಕ್ಕೆಯಿಂದ ಕವರ್ ಇಳಿಸಿದ್ದು

ತುಮಕೂರಿನಲ್ಲಿ ನಮ್ಮದು ಸಣ್ಣ ದಿನಸಿ ಅಂಗಡಿ. ಪ್ಲಾಸ್ಟಿಕ್ ಕವರ್ ಕೊಡುವುದನ್ನು ಪೂರ್ತಿ ನಿಲ್ಲಿಸಿ ಕೆಲವು ವರ್ಷಗಳಾದವು. "ಅದು ಹೆಂಗೆ ಗಿರಾಕಿ ಸುಮ್ನಿದ್ರು?" ಅಂತ ಬೇರೆ ಅಂಗಡಿಯವರು ಕೇಳುತ್ತಲೇ ಇರುತ್ತಾರೆ. ಎಲ್ಲರೂ ಸುಮ್ಮನಿರಲಿಲ್ಲ, ಕೆಲವರು ಪಕ್ಕದ ಅಂಗಡಿಗೆ ಹೋದರು. ಅವರಲ್ಲಿ ಎಲ್ಲರೂ ವಾಪಸ್ ಬಂದರು ಅಂತಲೂ ಹೇಳುವುದಿಲ್ಲ.

ಕಾನೂನೇನೋ ಹಳೆಯದೇ. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾಯಿತು. ಕೇಂದ್ರದ ನಿಯಮವೂ 2022ರ ಕೊನೆಯಿಂದ 120 ಮೈಕ್ರಾನ್‌ಗಿಂತ ತೆಳು ಕವರ್ ಕೂಡದು ಎನ್ನುತ್ತದೆ. ತಪಾಸಣೆಯ ವಾರ ಗಲ್ಲಾಪೆಟ್ಟಿಗೆ ಕೆಳಗೆ ಸೇರುವ ಕವರ್ ಮುಂದಿನ ವಾರ ಮತ್ತೆ ಕೊಕ್ಕೆಗೆ ಬರುವುದನ್ನು ಯಾವ ಊರಿನ ಪೇಟೆಬೀದಿಯಲ್ಲಾದರೂ ನೋಡಬಹುದು. ಗಿರಾಕಿ ಕೈಬೀಸಿಕೊಂಡು ಬಂದಾಗ ಕೊಡಲು ಬೇರೆ ಏನಾದರೂ ಇದ್ದರೆ ತಾನೇ ಕವರ್ ಬಿಡೋದು?

ನಾನು ಬಟ್ಟೆ ಚೀಲವನ್ನು ಪುಕ್ಕಟೆ ಕೊಡಲೂ ಇಲ್ಲ, ಮಾರಲೂ ಇಲ್ಲ. ಎರವಲು ಕೊಡುತ್ತೇನೆ. 30 ರೂಪಾಯಿ ಮುಂಗಡ, ಚೀಲ ತಂದುಕೊಟ್ಟರೆ ದುಡ್ಡು ವಾಪಸ್. ಪುಕ್ಕಟೆ ಚೀಲ ಮನೆ ಸೇರಿದರೆ ಆಯಿತು, ಗಾಡಿ ಒರೆಸುವ ಬಟ್ಟೆಯಾಗುತ್ತದೆ. ಹತ್ತಿ ಬೆಳೆಯಲು, ನೇಯಲು ಹಿಡಿಯುವ ನೀರು, ವಿದ್ಯುತ್ತು ಕಡಿಮೆಯೇನಲ್ಲ. ಬ್ರಿಟನ್ನಿನ ಪರಿಸರ ಏಜೆನ್ಸಿ 2011ರಲ್ಲಿ ಲೆಕ್ಕ ಹಾಕಿತ್ತು: ಒಮ್ಮೆ ಬಳಸಿ ಎಸೆಯುವ ಕವರಿಗಿಂತ ಭೂಮಿಯ ಬಿಸಿಗೆ ಕಡಿಮೆ ಕಾರಣವಾಗಬೇಕಾದರೆ ಒಂದು ಹತ್ತಿ ಚೀಲವನ್ನು 131 ಸಲವಾದರೂ ಬಳಸಬೇಕು. ಬಟ್ಟೆ ಚೀಲ ಹಂಚಿ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲದಿರುವುದು ಇದಕ್ಕೇ.

ಚೀಲ ಹೊಲಿಸುವಾಗ ನೋಡಬೇಕಾದದ್ದು ಹಿಡಿ. ಬಾಯಿಯ ಅಂಚಿಗೆ ಎರಡು ತುಂಡು ಪಟ್ಟಿ ಅಂಟಿಸಿದಂತೆ ಹೊಲಿದ ಚೀಲ ಐದು ಕೆಜಿ ಅಕ್ಕಿಗೇ ಕಿತ್ತು ಬರುತ್ತದೆ. ನಮ್ಮ ಬೀದಿಯ ಟೈಲರ್ ಅಕ್ಕ ಉದ್ದನೆಯ ಒಂದೇ ಪಟ್ಟಿಯನ್ನು ಚೀಲದ ತಳದಿಂದ ಎರಡೂ ಕಡೆ ಮೇಲಕ್ಕೆ ತಂದು ಹಿಡಿ ಮಾಡುತ್ತಾರೆ. ಬಾಯಿ ಹತ್ತಿರ ಚೌಕ ಹೊಲಿಗೆ ಹಾಕಿ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ ಹೊಲಿಯುತ್ತಾರೆ. ಭಾರವೆಲ್ಲ ತಳದ ಪಟ್ಟಿ ಹೊರುತ್ತದೆ. ಕೋರಾ ಬಟ್ಟೆಯಾದರೆ ಮೊದಲು ನೆನೆಹಾಕಿ ಒಣಗಿಸಿಯೇ ಕತ್ತರಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹಳೆ ಪ್ಯಾಂಟಿನ ಬಟ್ಟೆ, ದಪ್ಪ ಬೆಡ್‌ಶೀಟು ಸಿಕ್ಕಿದರೆ ಇನ್ನೂ ಒಳ್ಳೆಯದು, ಕೊಳೆಯೂ ಕಾಣುವುದಿಲ್ಲ.

ಸಪ್ಲೈಯರ್‌ಗಳು "ಬಟ್ಟೆ ಬ್ಯಾಗೇ ಸಾರ್" ಅಂತ ತಂದು ತೋರಿಸುವ ಬಣ್ಣಬಣ್ಣದ ನಾನ್-ವೋವನ್ ಚೀಲ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಅಂಚಿನ ಒಂದೆರಡು ಎಳೆಗೆ ಕಡ್ಡಿ ಗೀರಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಇದು ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ.

ದೊಡ್ಡ ಚೀಲದ ಸಮಸ್ಯೆ ಹೀಗೆ ಮುಗಿಯಿತು. ನಿಜವಾಗಿ ಕಾಡಿದ್ದು ಒಳಗಿನ ಸಣ್ಣ ಕವರುಗಳು: ಅರ್ಧ ಕೆಜಿ ತೊಗರಿಬೇಳೆ, ಕಾಲು ಕೆಜಿ ಕಡಲೆ, ನೂರು ಗ್ರಾಂ ಮೆಣಸಿನಕಾಯಿ. ಅಪ್ಪನ ಕಾಲದಲ್ಲಿ ಪೇಪರಿನ ಪೊಟ್ಟಣ, ಮೇಲಿನಿಂದ ಇಳಿಬಿದ್ದ ದಾರ. ಆದರೆ ಸುದ್ದಿಪತ್ರಿಕೆಯ ಶಾಯಿ ಆಹಾರಕ್ಕೆ ತಾಗಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ, ಹಾಗಾಗಿ ಅಲ್ಲಿಗೆ ಮರಳುವಂತಿರಲಿಲ್ಲ. ದಾರಿ ಹೊಳೆದದ್ದು ಒಬ್ಬ ಅಜ್ಜಿಯಿಂದ. ಅವರು ಮೊಮ್ಮಗಳ ಮದುವೆಯ ತಾಂಬೂಲದ ಚೀಲಗಳನ್ನು ಒಂದು ಕಟ್ಟು ತಂದು, "ಬೇಳೆ ಇದ್ರಲ್ಲಿ ಹಾಕಪ್ಪ" ಅಂದರು. ಒಂದು ತೆಂಗಿನಕಾಯಿ ಹಿಡಿಸುವ ಚೀಲದಲ್ಲಿ ಒಂದು ಕೆಜಿ ಬೇಳೆ ಲೀಲಾಜಾಲವಾಗಿ ಕೂರುತ್ತದೆ! ಯಾರ ಮನೆಯ ಬೀರುವಿನಲ್ಲಿ ಈ ಚೀಲಗಳ ರಾಶಿ ಇಲ್ಲ ಹೇಳಿ? ಅಂದಿನಿಂದ ಎಲ್ಲರಿಗೂ ಅದನ್ನೇ ತರಲು ಹೇಳುತ್ತೇನೆ. ಕಾಳು, ಬೇಳೆ, ಅವಲಕ್ಕಿಗೆ ಸರಿ. ಸಣ್ಣ ರವೆ, ಹಿಟ್ಟು ಮಾತ್ರ ನೇಯ್ಗೆಯ ಸಂದಿಯಿಂದ ಉದುರುತ್ತವೆ, ಅವಕ್ಕೆ ಡಬ್ಬಿಯೇ ಆಗಬೇಕು.

ಡಬ್ಬಿ ತಂದವರಿಗೆ ತೂಕದಲ್ಲಿ ಮೋಸವಾದೀತೆಂಬ ಅನುಮಾನ ಇದ್ದೇ ಇರುತ್ತದೆ. ತಕ್ಕಡಿಯ ಮುಖ ಗಿರಾಕಿ ಕಡೆ ತಿರುಗಿಸಿ, ಖಾಲಿ ಡಬ್ಬಿ ಇಟ್ಟು, ಟೇರ್ ಗುಂಡಿ ಒತ್ತಿ, ಸೊನ್ನೆ ಬಂದದ್ದನ್ನು ಅವರೇ ನೋಡಿದ ಮೇಲೆ ಸಾಮಾನು ಸುರಿಯುತ್ತೇನೆ. ತಿಂಗಳ ಸಾಮಾನಿನ ಪಟ್ಟಿ ಕಳಿಸುವವರಿಗೆ ಸೋಪು, ಬಿಸ್ಕತ್ತು ಬಂದ ರಟ್ಟಿನ ಪೆಟ್ಟಿಗೆಗಳೇ ಸಾಕು.

ಬೆಲ್ಲಕ್ಕೆ ಇನ್ನೂ ಒಳ್ಳೆಯ ದಾರಿ ಸಿಕ್ಕಿಲ್ಲ. ಮಳೆಗಾಲದಲ್ಲಿ ನೀರೊಡೆದು ಕಾಗದಕ್ಕೆ ಅಂಟುತ್ತದೆ, ಬಟ್ಟೆಯನ್ನೂ ಹಾಳು ಮಾಡುತ್ತದೆ. ಇನ್ನು ಕಂಪನಿಗಳ ಪ್ಯಾಕೆಟ್ಟುಗಳು ಅಂಗಡಿ ತುಂಬ ತೂಗಾಡುತ್ತಲೇ ಇವೆ, ಅವು ನನ್ನ ಕೈಮೀರಿದ್ದು. ಮೀನು ತಂದ ಚೀಲವನ್ನು ಒಗೆಯದೆ ಕೊಟ್ಟರೆ ಮುಂಗಡ ಕೊಡುವುದಿಲ್ಲ, ಎಷ್ಟೇ ಬೇಕಾದವರಾದರೂ.

ಶುರು ಮಾಡುವವರು ಹಬ್ಬದ ಹೊತ್ತಿಗೆ ಶುರು ಮಾಡಬೇಡಿ, ಆ ಗದ್ದಲದಲ್ಲಿ ಯಾರಿಗೂ ವಿವರಿಸಲು ಆಗುವುದಿಲ್ಲ. ಆಷಾಢ ನೋಡಿಕೊಳ್ಳಿ. ವ್ಯಾಪಾರ ಹೇಗೂ ಮಂದ, ಒಬ್ಬೊಬ್ಬರ ಹತ್ತಿರವೂ ಮಾತಾಡಲು ಪುರುಸೊತ್ತಿರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಸಾಮಾನಿಗೆ ಬರುವ ಹೊತ್ತಿಗೆ ಅರ್ಧದಷ್ಟು ಜನ ಚೀಲ ಹಿಡಿದೇ ಬರುತ್ತಾರೆ.