ಇಕ್ಕಟ್ಟು ಜಾಗಕ್ಕೆ ಹಳೇ ಮಿನಿ ಟಿಪ್ಪರ್ ಆರಿಸಿದ ನನ್ನ ಅನುಭವ

ನಾನು ಮೊದಲು ತಗೊಂಡ ಸೆಕೆಂಡ್ ಹ್ಯಾಂಡ್ ಟಿಪ್ಪರ್‌ನ ಇಂಜಿನ್ ಬಹಳ ಚೆನ್ನಾಗಿತ್ತು. ಮೀಟರ್‌ನಲ್ಲಿ ಓಡಿದ್ದೂ ಕಡಿಮೆ. ಅಷ್ಟು ನೋಡಿ ಒಪ್ಪಿಕೊಂಡೆ. ಮೂರೇ ತಿಂಗಳಲ್ಲಿ ಕ್ಲಚ್ ಹೋಯಿತು. ಆಮೇಲೆ ಮುಂದಿನ ಚಕ್ರ ಎಡ ಬಲ ತಿರುಗುವ ಕೀಲು, ಅಂದರೆ ಕಿಂಗ್ ಪಿನ್, ಅದಾದ ಮೇಲೆ ಬಾಡಿ ಎತ್ತುವ ಜಾಕ್‌ನ ಸೀಲು. ಇಂಜಿನ್ ಮಾತ್ರ ಗಟ್ಟಿಯಾಗಿಯೇ ಇತ್ತು.

ಸಂದಿಗೊಂದಿಯಲ್ಲಿ ದುಡಿಯುವ ಗಾಡಿ ಕಿಲೋಮೀಟರ್ ಲೆಕ್ಕದಲ್ಲಿ ಸವೆಯುವುದಿಲ್ಲ ಅಂತ ಆಗ ಅರ್ಥವಾಯಿತು. ಹತ್ತು ಸಲ ಹಿಂದೆ ಮುಂದೆ ಮಾಡಬೇಕು. ಅರ್ಧ ಕ್ಲಚ್‌ನಲ್ಲಿ ಇಂಚಿಂಚೇ ಸರಿಸಬೇಕು. ಲೋಡ್ ಇರುವಾಗಲೇ ನಿಂತಲ್ಲಿ ಸ್ಟೀರಿಂಗ್ ತಿರುಗಿಸಬೇಕು. ಸವೆತ ಎಲ್ಲಾ ಅಲ್ಲೇ ಆಗುತ್ತದೆ. ಮೀಟರ್‌ನಲ್ಲಿ ಇದ್ಯಾವುದೂ ಕಾಣುವುದಿಲ್ಲ, ಅಲ್ವಾ?

ಎರಡನೇ ಸಲ ಗಾಡಿ ಹುಡುಕುವ ಮೊದಲು ಟೇಪ್ ಹಿಡಿದು ಜಾಗ ಅಳೆದೆ. ದಾರಿಯ ಅಗಲ ಒಂದೇ ಸಾಲದು. ಕನ್ನಡಿ ಸೇರಿಸಿ ಗಾಡಿ ಎಷ್ಟು ಅಗಲ, ಬಾಡಿ ಪೂರ್ತಿ ಎದ್ದಾಗ ಎಷ್ಟು ಎತ್ತರ, ಮೇಲೆ ವೈರ್ ಇದೆಯಾ, ಹಿಂಬಾಗಿಲು ತೆರೆದುಕೊಳ್ಳಲು ಜಾಗ ಇದೆಯಾ ಅಂತೆಲ್ಲ ಬರೆದಿಟ್ಟುಕೊಂಡೆ. ತಿರುಗುವ ಅಳತೆಯಲ್ಲಿ ಒಂದು ಸೂಕ್ಷ್ಮ ಇದೆ. ಪುಸ್ತಕದಲ್ಲಿ ಕೊಡುವುದು ಎಷ್ಟೋ ಸಲ ಚಕ್ರದ ಜಾಡಿನ ಲೆಕ್ಕ. ಬಂಪರ್‌ನ ಮೂಲೆ ಅದಕ್ಕಿಂತ ಹೊರಗೆ ಹೋಗುತ್ತದೆ, ಗೋಡೆಗೆ ಮೊದಲು ತಾಗುವುದೂ ಅದೇ. ಹಾಗಾಗಿ ಗಾಡಿ ನೋಡಲು ಹೋದಲ್ಲೆಲ್ಲ ನನ್ನ ಗೇಟಿನ ಅಳತೆಗೆ ಎರಡು ಬಕೆಟ್ ಇಟ್ಟು, ನಡುವೆ ರಿವರ್ಸ್ ತಗೊಂಡು ನೋಡುತ್ತಿದ್ದೆ. ಒಂದು ಗಾಡಿ ಅಲ್ಲೇ ಲಿಸ್ಟಿನಿಂದ ಹೋಯಿತು.

ಭಾರದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ಒಣ ಮರಳು ಒಂದು ಘನ ಮೀಟರ್‌ಗೆ ಸುಮಾರು 1600 ಕೆಜಿ ತೂಗುತ್ತದೆ. ಒದ್ದೆ ಇದ್ದರೆ ಎರಡು ಟನ್ ಹತ್ತಿರಕ್ಕೆ ಬರುತ್ತದೆ. ಎರಡು ಟನ್ ತಾಳುವ ಗಾಡಿಯ ಬಾಡಿ ಕಂಠಮಟ್ಟ ತುಂಬಿದರೆ ಓವರ್‌ಲೋಡ್ ಆಗಿಬಿಡಬಹುದು. ಪಕ್ಕದ ಹಲಗೆಗಳ ಮೇಲೆ ಇನ್ನೊಂದು ತಗಡು ವೆಲ್ಡ್ ಮಾಡಿ ಎತ್ತರಿಸಿದ್ದರೆ ಆ ಗಾಡಿ ಜಾಸ್ತಿ ಹೊತ್ತಿರುತ್ತದೆ ಅಂತಲೇ ಲೆಕ್ಕ. ಅಂಥದ್ದರ ಸ್ಪ್ರಿಂಗ್ ಪಟ್ಟಿ, ಚಾಸಿ ಎರಡನ್ನೂ ಟಾರ್ಚ್ ಹಾಕಿ ನೋಡಬೇಕು.

ನಾನು ಅತಿ ಹೆಚ್ಚು ಹೊತ್ತು ಕಳೆದಿದ್ದು ಬಾಡಿಯನ್ನು ಚಾಸಿಗೆ ಕೂಡಿಸುವ ಹಿಂದಿನ ಪಿನ್‌ಗಳ ಹತ್ತಿರ. ಸುರಿಯುವಾಗ ಲೋಡಿನ ಬಹುಭಾಗ ಬಂದು ಕೂರುವುದು ಅಲ್ಲೇ. ಒಂದು ಗಾಡಿಗೆ ಮೈಯೆಲ್ಲ ಹಳೇ ಪೇಂಟ್, ಪಿನ್ ಸುತ್ತ ಮಾತ್ರ ಹೊಳೆಯುವ ಹೊಸದು. ಮಾಲೀಕರನ್ನು ಕೇಳಿ ಕೀಲಿಯಿಂದ ಸ್ವಲ್ಪ ಕೆರೆದೆ. ಕೆಳಗೆ ದಪ್ಪ ವೆಲ್ಡಿಂಗ್ ಗೆರೆ, ಅದರ ಕೊನೆಯಿಂದ ಕೂದಲೆಳೆಯಷ್ಟು ಹೊಸ ಬಿರುಕು, ಬಿರುಕಿನಲ್ಲಿ ಕಂದು ತುಕ್ಕು. ಬಿರುಕು ಇನ್ನೂ ಬೆಳೆಯುತ್ತಿತ್ತು. ಬೇಡ ಅಂತ ಹೇಳಿ ಬಂದೆ.

ಜಾಕ್ ಪರೀಕ್ಷೆಯನ್ನು ಖಾಲಿ ಗಾಡಿಯಲ್ಲಿ ಮಾಡಿದರೆ ಪ್ರಯೋಜನ ಕಡಿಮೆ. ನಾನು ಲೋಡ್ ಹಾಕಿಸಿ, ಸಮತಟ್ಟು ನೆಲದಲ್ಲಿ ಬಾಡಿಯನ್ನು ಸ್ವಲ್ಪ ಎತ್ತಿಸಿ ಇಂಜಿನ್ ಆಫ್ ಮಾಡಿಸಿದೆ. ಪಕ್ಕಕ್ಕೆ ನಿಂತು ಬಾಡಿಯ ಅಂಚು ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದೆ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದೆ. ಇಳಿದಿದ್ದರೆ ಸೀಲೋ ವಾಲ್ವೋ ಸೋರುತ್ತಿದೆ ಅಂತ. ಜಾಕ್‌ನ ಹೊಳೆಯುವ ರಾಡ್ ಮೇಲೆ ಉಗುರು ಆಡಿಸಿ, ಸಣ್ಣ ಗುಳಿ ಸಿಕ್ಕರೆ ಹೊಸ ಸೀಲು ಹಾಕಿದರೂ ಬಾಳುವುದಿಲ್ಲ. ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಒಂದು ಮಾತು ದಯವಿಟ್ಟು ಮರೆಯಬೇಡಿ: ಲೋಡ್ ಇರುವ ಬಾಡಿ ಎದ್ದಿರುವಾಗ ಅದರ ಕೆಳಗೆ ಹೋಗಲೇಬೇಡಿ. ಖಾಲಿ ಇದ್ದರೂ ಆಧಾರದ ಕಂಬ ಕೊಟ್ಟ ಮೇಲೆಯೇ ತಲೆ ಹಾಕಿ.

ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದೆ. ಆಟ, ಅಂದರೆ ಸಡಿಲ, ಕಂಡರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಕ್ಲಚ್ ಪರೀಕ್ಷೆಗೆ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಮೆಲ್ಲಗೆ ಕ್ಲಚ್ ಬಿಟ್ಟೆ. ಇಂಜಿನ್ ತಕ್ಷಣ ಬಂದ್ ಆಗಬೇಕು. ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಏರಿನಲ್ಲಿ ಲೋಡ್ ಸಮೇತ ರಿವರ್ಸ್ ಹತ್ತಿಸಿ, ಗೇರ್ ಬಿಟ್ಟುಕೊಳ್ಳುತ್ತದಾ ಅಂತಲೂ ನೋಡಿದೆ.

ಇಂಜಿನ್‌ಗೆ ನಾನು ಜಾಸ್ತಿ ಹೊತ್ತು ಕೊಡಲಿಲ್ಲ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ನೀಲಿ ಹೊಗೆ ಬರುತ್ತಾ ಅಂತ ನೋಡಿ, ಆಯಿಲ್ ಮುಚ್ಚಳ ತೆಗೆದು ಹಬೆ ಎಷ್ಟು ನುಗ್ಗುತ್ತದೆ ಅಂತ ಕೈ ಹಿಡಿದೆ. ಚಾಸಿ ನಂಬರ್ ಕಾಗದಕ್ಕೆ ಹೊಂದಬೇಕು, ಗಾಡಿ ಮೇಲೆ ಸಾಲ ಬಾಕಿ ಇರಬಾರದು.

ಕೊನೆಗೆ ತಗೊಂಡ ಗಾಡಿ ನೋಡಲು ಚೆಂದ ಇರಲಿಲ್ಲ. ಮೊದಲನೆಯದಕ್ಕಿಂತ ಹೆಚ್ಚು ಓಡಿತ್ತು, ಬಾಡಿಯ ತುಂಬ ನೆಗ್ಗು. ಆದರೆ ಗ್ರೀಸ್ ತುಂಬುವ ಪ್ರತಿ ನಿಪ್ಪಲ್ ಹತ್ತಿರವೂ ಹೊಸ ಗ್ರೀಸ್ ಉಕ್ಕಿ ನಿಂತಿತ್ತು. ಅದನ್ನು ಓಡಿಸುತ್ತಿದ್ದ ಡ್ರೈವರ್, ಯಾವ ಬುಶ್ (ಪಿನ್ ಸುತ್ತ ಕೂರುವ ಬಳೆ) ಯಾವಾಗ ಬದಲಿಸಿದ್ದು ಅಂತ ಬೆರಳಿಟ್ಟು ತೋರಿಸಿದರು. ಹತ್ತು ನಿಮಿಷಕ್ಕೆ ಬಾಡಿ ಕಣ್ಣಿಗೆ ಕಾಣುವಷ್ಟು ಇಳಿಯಲಿಲ್ಲ. ತಂದ ದಿನವೇ ಹೈಡ್ರಾಲಿಕ್ ಆಯಿಲ್, ಫಿಲ್ಟರ್ ಬದಲಿಸಿದೆ. ಹಿಂದಿನ ಪಿನ್‌ಗಳಿಗೆ ಈಗಲೂ ವಾರಕ್ಕೊಮ್ಮೆ ನಾನೇ ಗ್ರೀಸ್ ಹೊಡೆಯುತ್ತೇನೆ.