ಪಾರ್ಷಿಯಲ್ ಹಲ್ಲಿನ ಸೆಟ್: ಅಕ್ರಿಲಿಕ್ಕೋ, ಲೋಹವೋ, ಬಾಗುವ ನೈಲಾನೋ?

ಮೂರ್ನಾಲ್ಕು ಹಲ್ಲು ಹೋಗಿವೆ, ತೆಗೆದು ಹಾಕುವ ಸೆಟ್ ಮಾಡಿಸಬೇಕು. ಡಾಕ್ಟರು ಮೂರು ಮಾದರಿ ಮುಂದಿಟ್ಟರೆ ಕೈ ತಾನಾಗಿ ಹೋಗುವುದು ತಂತಿಯಿಲ್ಲದ, ಬೆರಳಲ್ಲಿ ಬಾಗುವ ಗುಲಾಬಿ ಸೆಟ್ ಕಡೆಗೇ. ಚೆಂದ ಇದೆ, ಅಲ್ವಾ? ಸ್ವಲ್ಪ ತಡೆಯಿರಿ.

ಮೊದಲು ಉಳಿದ ಹಲ್ಲುಗಳ ವಿಚಾರ. 'ಇನ್ನೂ ಯಾವುದಾದರೂ ಹಲ್ಲು ಹೋಗುವ ಹಾಗಿದೆಯಾ?' ಎಂದು ನೇರವಾಗಿ ಕೇಳಿ. ಹೌದು ಎಂದರೆ ಸದ್ಯಕ್ಕೆ ಅಕ್ರಿಲಿಕ್, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಸೆಟ್ ಸಾಕು. ಅದಕ್ಕೆ ಆಮೇಲೆ ಹಲ್ಲು ಸೇರಿಸಬಹುದು, ಒಡೆದರೆ ಕೂಡಿಸಬಹುದು, ಸಡಿಲವಾದರೆ ಒಳಬದಿಗೆ ಪ್ಲಾಸ್ಟಿಕ್ ತುಂಬಿಸಬಹುದು. ಹಲ್ಲು ಕೀಳಿಸಿ ಸ್ವಲ್ಪ ದಿನವಷ್ಟೇ ಆಗಿದ್ದರೂ ಇದೇ ಸರಿ, ಯಾಕೆಂದರೆ ಮೊದಲ ಕೆಲವು ತಿಂಗಳು ಅಲ್ಲಿನ ಮೂಳೆ ಬೇಗ ಬೇಗ ಕರಗುತ್ತದೆ, ಇವತ್ತು ಬಿಗಿಯಾಗಿ ಕೂತ ಸೆಟ್ ಆಮೇಲೆ ಅಲುಗಾಡುತ್ತದೆ. ಆದರೆ ಅಕ್ರಿಲಿಕ್ ದಪ್ಪ, ಸುಮಾರು 2 ಮಿ.ಮೀ. ಇರುತ್ತದೆ. ಕೈಜಾರಿ ಬಿದ್ದರೆ ಎರಡು ತುಂಡು.

ಎರಡನೆಯದು, ಅಗಿಯುವ ಭಾರ ಎಲ್ಲಿ ಬೀಳುತ್ತದೆ? ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ, ಆದರೆ ಹೆಚ್ಚಿನವರು ಕೇಳುವುದೇ ಇಲ್ಲ. ಅಕ್ರಿಲಿಕ್ಕೂ ನೈಲಾನೂ ಸಾಮಾನ್ಯವಾಗಿ ವಸಡಿನ ಮೇಲೆ ಕೂರುತ್ತವೆ, ಅಗಿದಾಗಲೆಲ್ಲ ವಸಡನ್ನು ಒತ್ತುತ್ತವೆ. ಕೋಬಾಲ್ಟ್-ಕ್ರೋಮ್ ಲೋಹದ ಸೆಟ್‌ಗೆ ಪುಟ್ಟ ಆಸರೆಗಳಿರುತ್ತವೆ. ಅವು ಉಳಿದ ಹಲ್ಲಿನ ಮೇಲೆ ಕೂತು ಭಾರವನ್ನು ಹಲ್ಲಿಗೇ ಕೊಡುತ್ತವೆ. ಅರ್ಧ ಮಿ.ಮೀ. ಆಸುಪಾಸಿನ ತೆಳುವಿನಲ್ಲೂ ಗಟ್ಟಿ, ನಾಲಿಗೆಗೆ ಜಾಸ್ತಿ ಅಡ್ಡಿಯಿಲ್ಲ, ಬಿಸಿ-ತಣ್ಣಗೆಯೂ ಗೊತ್ತಾಗುತ್ತದೆ. ಉಳಿದ ಹಲ್ಲು ಗಟ್ಟಿಯಾಗಿದ್ದು ವರ್ಷಗಟ್ಟಲೆ ಬಳಸುವುದಾದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಹಲ್ಲನ್ನು ಹಿಡಿದುಕೊಳ್ಳುವ ಲೋಹದ ಕೊಕ್ಕೆ ಕಾಣಿಸಬಹುದು, ಮುಂದೆ ಹಲ್ಲು ಸೇರಿಸುವುದು ಅಕ್ರಿಲಿಕ್‌ನಷ್ಟು ಸಲೀಸಲ್ಲ. ದವಡೆಯ ಕೊನೆಯಲ್ಲಿ ಹಲ್ಲೇ ಇಲ್ಲದಿದ್ದರೆ ಲೋಹದ ಸೆಟ್ ಕೂಡ ಆ ಕಡೆ ವಸಡಿನ ಮೇಲೇ ಕೂರಬೇಕು. ಲೋಹದ ಅಲರ್ಜಿ ಇದ್ದರೆ ಮೊದಲೇ ಹೇಳಿಬಿಡಿ.

ಇನ್ನು ಆ ಗುಲಾಬಿ ನೈಲಾನ್. ಮುಂದಿನ ಒಂದೆರಡು ಹಲ್ಲಿಗೆ, ಕೊಕ್ಕೆ ಕಾಣಬಾರದು ಎನ್ನುವವರಿಗೆ, ಅಕ್ರಿಲಿಕ್ ಆಗಿಬರದವರಿಗೆ ಒಳ್ಳೆಯದು. ಆದರೆ ಅದಕ್ಕೆ ಬೇರೆ ಪ್ಲಾಸ್ಟಿಕ್ ಸರಿಯಾಗಿ ಅಂಟುವುದಿಲ್ಲ. ಕೃತಕ ಹಲ್ಲನ್ನು ಕೂಡ ರಂಧ್ರ ಮಾಡಿ ಸಿಕ್ಕಿಸಿರುತ್ತಾರೆ. ಹಾಗಾಗಿ ಸಡಿಲವಾದರೆ ತುಂಬಿಸುವುದು ಕಷ್ಟ. ಉಜ್ಜಿ ಸರಿಮಾಡಿದ ಜಾಗಕ್ಕೆ ಮತ್ತೆ ನುಣುಪು ತರುವುದೂ ಸುಲಭವಲ್ಲ, ಅಲ್ಲೇ ಕಲೆ ಕೂರುತ್ತದೆ. ಅಗಿಯುವ ಹಲ್ಲುಗಳೇ ಹೆಚ್ಚು ಹೋಗಿದ್ದರೆ ಇದನ್ನು ಬಿಟ್ಟುಬಿಡಿ.

ಯಾವುದೇ ಆಗಲಿ, ರಾತ್ರಿ ತೆಗೆದು ಮಾಮೂಲಿ ನೀರಿನಲ್ಲಿಡಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಆಕಾರ ಕೆಡುತ್ತದೆ. ಲೋಹದ್ದಕ್ಕೆ ಬ್ಲೀಚ್ ತಾಗಿಸಬೇಡಿ, ತುಕ್ಕು ತಿನ್ನುತ್ತದೆ.