ಸೊಟ್ಟ ಸಾಲು, ಒಣಗದ ಹೊಲ

ಶಿರಾ ಕಡೆಯ ಕೆಂಪು ಮಣ್ಣು, ನಾಲ್ಕು ಎಕರೆ. ಇಳಿಜಾರು ನೂರು ಅಡಿಗೆ ಎರಡು ಅಡಿ ಇರಬಹುದು. ಮಳೆ ವರ್ಷಕ್ಕೆ 550–600 ಮಿ.ಮೀ., ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಬೋರ್‌ವೆಲ್ ಇಲ್ಲದೆ ಇಲ್ಲಿ ಏನೂ ಆಗಲ್ಲ ಅಂದವರೇ ಜಾಸ್ತಿ. ಇಳಿಜಾರಿಗೆ ಅಡ್ಡ ಬದು ಹಾಕಿ ಮಳೆನೀರು ತಡೆದರೆ ಆಗುತ್ತೆ ಅಂತ ತೋರಿಸಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಹಳೇ ಬದುಗಳೆಲ್ಲ ಹಿಸ್ಸೆ (ಪಾಲು) ಗೆರೆಯ ಮೇಲಿದ್ದವು. ನೆಲದ ಇಳಿಜಾರಿಗೂ ಅವಕ್ಕೂ ಸಂಬಂಧವೇ ಇರಲಿಲ್ಲ. ನೀರು ಬದುವಿನ ಪಕ್ಕದಲ್ಲೇ ಓಡಿ, ಕೆಳಗಿನ ಮೂಲೆಯಲ್ಲಿ ಆಳೆತ್ತರದ ಕೊರಕಲು ಬಿದ್ದಿತ್ತು. ಎಕರೆಗೆ ಒಂದು ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್ ಅಲ್ವಾ? 40 ಮಿ.ಮೀ. ಬಿದ್ದರೆ ನನ್ನ ಹೊಲದ ಮೇಲೆ ಆರು ಲಕ್ಷ ಲೀಟರಿಗೂ ಜಾಸ್ತಿ. ಅಷ್ಟರಲ್ಲಿ ಓಡಿಹೋಗುವುದು ಎಷ್ಟು, ಮಣ್ಣನ್ನು ಎಷ್ಟು ಹೊತ್ತೊಯ್ಯುತ್ತೆ ಅಂತ ಯೋಚಿಸಿದಾಗ ಹೊಟ್ಟೆ ಉರಿಯಿತು.

ಸಮಪಾತಳಿ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಹಾಕಿದ್ದು ನೀರು ತುಂಬಿದ ಪೈಪ್‌ನಿಂದ. ಪೈಪ್ ಒಳಗೆ ಕಡಲೆಕಾಳಿನಷ್ಟು ಗಾಳಿಗುಳ್ಳೆ ಉಳಿದರೂ ಮಟ್ಟ ಸುಳ್ಳು ಹೇಳುತ್ತೆ. ಬೆರಳಿನಿಂದ ಪೈಪ್ ತಟ್ಟುತ್ತಾ ಗುಳ್ಳೆಯನ್ನು ಒಂದು ತುದಿಗೆ ಓಡಿಸಬೇಕು. ಬಿಸಿಲೇರುವ ಮೊದಲೇ ಕೆಲಸ ಮುಗಿಸುವುದು ಒಳ್ಳೇದು, ಅರ್ಧ ಪೈಪ್ ಬಿಸಿಲಲ್ಲಿ ಅರ್ಧ ನೆರಳಲ್ಲಿ ಇದ್ದರೂ ವ್ಯತ್ಯಾಸ ಬರುತ್ತೆ. ಗೆರೆ ಹಾವಿನ ಹಾಗೆ ಸೊಟ್ಟಸೊಟ್ಟಗೆ ಬಂತು. ನೇರ ಉಳುವುದು ಬಿಟ್ಟು ಇದೇನು ಅಂತ ಟ್ರ್ಯಾಕ್ಟರ್‌ನವನೇ ಬರಲು ಒಪ್ಪಲಿಲ್ಲ. ಎತ್ತಿನ ಜೋಡಿ ಬಾಡಿಗೆಗೆ ತಂದು ಉಳುಮೆ ಮಾಡಿಸಿದೆ.

ಬದು ಹಾಕಲು ಜೆಸಿಬಿಗೆ ಗಂಟೆಗೆ ಸಾವಿರದ ಮೇಲೆ ಕೊಟ್ಟೆ. ಹಳೇ ಕೊರಕಲು ಅಡ್ಡ ಬಂದ ಕಡೆ ಚಾಲಕ ಸಡಿಲ ಮಣ್ಣು ತುಂಬಿ, ಬಡಿದು ದಮ್ಮಸು ಮಾಡದೆ ಹೋಗಿಬಿಟ್ಟ. ಆರಿದ್ರೆಯ ಒಂದೇ ಜೋರು ಮಳೆಗೆ ಬದು ಅಲ್ಲೇ ಒಡೆಯಿತು. ಅದರ ನೀರು ನುಗ್ಗಿ ಕೆಳಗಿನ ಬದೂ ಹೋಯಿತು. ಬಿತ್ತಿದ ಕಡಲೆಕಾಯಿ ಕೊಚ್ಚಿಹೋಗಿ ಹದಿನೈದು ಸಾವಿರ ನಷ್ಟ, ರಿಪೇರಿಗೆ ಇನ್ನೊಂದು ಹತ್ತು. ಊರವರು ಬಂದು ನೋಡಿ ತಲೆ ಆಡಿಸಿ ಹೋದರು.

ಬದುವಿಗಿಂತ ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ) ಮುಖ್ಯ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕೋಡಿಯನ್ನು ತುಂಬಿದ ಮಣ್ಣಿನ ಮೇಲೆ ಇಡಲೇಬಾರದು, ಅಗೆಯದ ಗಟ್ಟಿ ನೆಲದ ಮೇಲೆ ಇರಬೇಕು. ಬದುವಿನ ತಲೆಗಿಂತ ಒಂದು ಗೇಣು ತಗ್ಗು, ಅಗಲ ಮಾತ್ರ ಧಾರಾಳ. ಮೊದಲ ಬದುವಿಗೆ ಎಡಗಡೆ ಕೋಡಿ ಆದರೆ ಎರಡನೆಯದಕ್ಕೆ ಬಲಗಡೆ. ನೀರು ಇಡೀ ಹೊಲ ಸುತ್ತಿಕೊಂಡೇ ಕೆಳಗಿಳಿಯಬೇಕು. ಇಷ್ಟು ಮಾಡಿದ ಮೇಲೆ ನನ್ನ ಬದು ಮತ್ತೆ ಒಡೆದಿಲ್ಲ.

ಬೆಳೆಯೂ ನೆಲ ನೋಡಿಯೇ. ಮೇಲಿನ ಗೊರಚಲು (ಕಲ್ಲು ಬೆರೆತ) ಮಣ್ಣಿಗೆ ಹುರುಳಿ, ಅಂಚಿಗೆ ಹೊಂಗೆ, ಸೊಪ್ಪಿನ ಗೊಬ್ಬರದ ಗ್ಲಿರಿಸೀಡಿಯಾ ಗಿಡ. ನಡುವೆ ರಾಗಿ, ಅದರ ಮಧ್ಯೆ ಅಕ್ಕಡಿ ಸಾಲಾಗಿ ತೊಗರಿ. ಮಣ್ಣು ಬಂದು ಕೂರುವ ತಳದಲ್ಲಿ ತರಕಾರಿ, ಅದರ ಪಕ್ಕದಲ್ಲೇ ಹೊಂಡ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಂಡ ಅಂದರೆ ಪ್ಲಾಸ್ಟಿಕ್ ಹಾಳೆ ಅಂತಲೇ ಎಲ್ಲರ ಲೆಕ್ಕ. ನಾನು ಹಾಸಲಿಲ್ಲ. ನೀರು ಎರಡು ಮೂರು ವಾರ ನಿಲ್ಲುತ್ತೆ, ಅಷ್ಟರಲ್ಲಿ ರಾಗಿ ತೆನೆಗೆ ಒಂದು ಸಲ ನೀರು ಕೊಟ್ಟರೆ ಸಾಕು. ಉಳಿದದ್ದು ಇಂಗಲಿ.

ಬದು ಗಟ್ಟಿಯಾಗಲು ಲಾವಂಚದ ಹುಲ್ಲು ಹಾಕಿದೆ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ತಲೆಮಾರುಗಳಿಂದ ಇದನ್ನೇ ನೆಡುತ್ತಾ ಬಂದಿದ್ದಾರೆ. ಬಲಿತ ಗರಿಯನ್ನು ದನ ಅಷ್ಟಾಗಿ ಮುಟ್ಟಲ್ಲ. ಬುಡಗಳನ್ನು ಒತ್ತೊತ್ತಾಗಿ ನೆಡಬೇಕು, ಸಂದು ಬಿಟ್ಟರೆ ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತೆ. ಅದರ ನಡುವೆ ನಾನು ಇನ್ನೆರಡು ಬೀಜ ಚೆಲ್ಲುತ್ತೇನೆ, ಮೊದಲ ವರ್ಷ ಬದು ಉಳಿಯುವುದೇ ಅದರಿಂದ. ಯಾವ ಬೀಜ, ಯಾವ ಮಳೆಗೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಸುಮ್ನೆ ನೋಡೋಣ ಅಂತ ಒಂದು ಪಟ್ಟೆಯಲ್ಲಿ ಹಾವೇರಿ ಕಡೆಯ ಗುಳಿ ರಾಗಿ (ಗುಳಿಯಲ್ಲಿ ಸಸಿ ನಾಟುವ ಪದ್ಧತಿ) ಮಾಡಿದೆ. ಒಂದೂವರೆ ಅಡಿ ಅಂತರ, ಎಳೆ ಪೈರಿನ ಮೇಲೆ ಕೊರಡು (ಮರದ ತುಂಡು) ಎಳೆದೆ. ತೆಂಡೆ (ಬುಡದಿಂದ ಒಡೆಯುವ ಕವಲು) ಚೆನ್ನಾಗಿ ಒಡೆಯಿತು, ಬುಡಕ್ಕೆ ಇಪ್ಪತ್ತರ ಮೇಲೆ ತೆನೆ. ಆದರೆ ನಾಟಿ ಕೂಲಿ ಲೆಕ್ಕ ಹಾಕಿದರೆ ಅರ್ಧ ಎಕರೆಗಿಂತ ಜಾಸ್ತಿ ನನಗೆ ಗಿಟ್ಟಲ್ಲ. ಕೆರೆ ಹೂಳೂ ಹೊಡೆಸಿದೆ. ಮಣ್ಣು ತೇವ ಹಿಡಿಯಿತು, ಜೊತೆಗೆ ಕೊನ್ನಾರಿ ಗಡ್ಡೆಯ ಕಳೆಯೂ ಬಂತು. ಅದನ್ನು ಕೀಳಿಸಿದ ಕೂಲಿ ಹೂಳಿನ ಬಾಡಿಗೆಯಷ್ಟೇ ಆಯಿತು.

ಹೊಂಡ ಸೇರಿ ಒಟ್ಟು ಎಪ್ಪತ್ತು ಎಂಬತ್ತು ಸಾವಿರ ಹೋಗಿದೆ. ಒಂದು ಬೋರ್ ಕೊರೆಸಿ ಕೇಸಿಂಗ್, ಮೋಟಾರ್ ಹಾಕಿಸಲು ಇದಕ್ಕಿಂತ ಜಾಸ್ತಿ ಬೇಕು, ನೀರು ಬಂದೇ ಬರುತ್ತೆ ಅನ್ನುವ ಖಾತ್ರಿ ಇಲ್ಲ. ರಾಗಿ ಮೊದಲು ಎಕರೆಗೆ ನಾಲ್ಕೈದು ಕ್ವಿಂಟಾಲ್ ಬಂದರೆ ಹೆಚ್ಚಿತ್ತು, ಈಗ ಎಂಟು ಒಂಬತ್ತು. ತೊಗರಿ ಬೇರೆ. ಹೋದ ಸಲ ಉತ್ತರೆ ಮಳೆ ಕೈಕೊಟ್ಟು ಇಪ್ಪತ್ತು ದಿನ ಮಳೆ ಇಲ್ಲದಾಗ ಸುತ್ತಲ ಹೊಲ ಬಾಡಿದವು. ನನ್ನ ಹೊಲದಲ್ಲಿ ಬದುವಿನ ಮೇಲ್ಗಡೆಯ ಪೈರು ಹಸಿರಾಗಿಯೇ ಇತ್ತು, ಮಣ್ಣು ಕೆದಕಿದರೆ ನಾಲ್ಕು ಬೆರಳು ಕೆಳಗೆ ತಂಪು ಸಿಗುತ್ತಿತ್ತು. ಅಂದು ಬರಲ್ಲ ಅಂದಿದ್ದ ಟ್ರ್ಯಾಕ್ಟರ್‌ನವನು ಈಗ ಗೆರೆ ಹಿಡಿದೇ ಉಳುತ್ತಾನೆ, ತಿರುವು ಜಾಸ್ತಿ ಅಂತ ಗಂಟೆಗೆ ನೂರು ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಾನೆ.